ಮಿಣುಕುಹುಳ ವಿಡಿಯೋ, ಮೂರನೇ ಮಹಡಿ

ಸದರ್ ಪತ್ರಪ್ಪ ರಸ್ತೆಯಲ್ಲಿ, ಪಂಪ್‌ಸೆಟ್ ಅಂಗಡಿಯ ನೆತ್ತಿಯ ಮೇಲೆ
ನಮ್ಮ ಕಂಪನಿ.
ಕಂಪನಿ ಅಂದರೆ ಹಾರೂನ್ ಸೇಟರು, ನಾನು,
ಹನ್ನೆರಡು ವಿಸಿಆರ್, ಒಂದು ಟೇಬಲ್ ಫ್ಯಾನು.
ಫ್ಯಾನು ನಮಗಲ್ಲ, ಯಂತ್ರಗಳಿಗೆ.

ಯಾವುದೋ ಹಿಮದ ದೇಶದ ಕರಡಿಮರಿಯೊಂದನ್ನು
ಸೇಟರು ಮದರಾಸಿನ ಹರಾಜಿನಲ್ಲಿ ಹಿಡಿದು ತಂದರು, ತಗಡಿನ ಡಬ್ಬಿಯಲ್ಲಿ.
ಜೊತೆಗೆ ಒಂದು ಮೊಲ, ಸದಾ ಸೀನುವ ಒಂದು ಮುಳ್ಳುಹಂದಿ.
ಅವುಗಳ ಮಾತು ಯಾರಿಗೂ ತಿಳಿಯದು,
ಕಥೆ ಬರೆದ ಕಾಗದವಿಲ್ಲ.
ಬಾಯಿ ತೆರೆಯುತ್ತದೆ, ಏನೋ ಅನ್ನುತ್ತದೆ, ಅಷ್ಟೆ.
'ಏನಂತು ಅಂತ ನಾವೇ ಅಂದುಬಿಡೋಣ' ಅಂದರು ಸೇಟರು.

ಅಂದವಳು ಮುಕ್ತಾಬಾಯಿ.
ನಾಟಕದ ಕಂಪನಿಯಲ್ಲಿ ಮೂವತ್ತು ವರ್ಷ ದ್ರೌಪದಿಯಾಗಿ
ಈಗ ಕಾಟನ್‌ಪೇಟೆಯ ವಠಾರದಲ್ಲಿ ಮಂಡಿನೋವು ಸಾಕಿಕೊಂಡಿದ್ದವಳು.
'ಇದೂ ಕಂಪನೀನಾ? ಹಾಗಾದ್ರೆ ಊಟ ಇರತ್ತೆ' ಅಂದಳು.
ಕರಡಿಗೂ ಅವಳದೇ ದನಿ, ಮೊಲಕ್ಕೂ, ಬಂದೂಕಿನವನಿಗೂ.
ಸೀನು ಮಾತ್ರ ನನ್ನದು.
ಪರದೆಯ ಮೇಲೆ ಹಿಮ ಸುರಿಯತೊಡಗಿದಾಗ
ಅವಳು ಹಿಮ ಕಂಡವಳಲ್ಲ, ನಾನೂ ಅಲ್ಲ.
ಕರಡಿ ಆಕಾಶ ನೋಡಿ ಬಾಯಿಬಿಟ್ಟಿತು:
'ಅಯ್ಯೋ ಶಿವನೇ, ಯಾರೋ ಹಾಸಿಗೆ ಹರಿದಿದ್ದಾರೆ!'
ಸೇಟರು ನಕ್ಕು ನಕ್ಕು ಕನ್ನಡಕ ಒರೆಸಿಕೊಂಡರು. ಅದೇ ಉಳಿಯಿತು.

ಒಂದು ಗಂಟೆಯ ಕರಡಿಗೆ ಒಂದು ಗಂಟೆಯೇ ಬೇಕು.
ತಾಯಿ ಟೇಪು ಒಂದು, ಮರಿ ಟೇಪು ಹನ್ನೊಂದು.
ದಿನಕ್ಕೆ ಎಂಟು ಸಲ ಅದು ಹಳ್ಳಕ್ಕೆ ಬೀಳುವುದು,
ಎಂಟು ಸಲ ಮೊಲ ಬಂದು ಬಳ್ಳಿ ಇಳಿಬಿಡುವುದು,
ನಾನು ಲೇಬಲ್ ಬರೆಯುತ್ತ ಕೂರುವುದು,
'ಳ'ದ ಬಾಲವನ್ನು ಉದ್ದಕ್ಕೆಳೆದು
ತುದಿಗೊಂದು ಹಳದಿ ಚುಕ್ಕೆ.
ಕರೆಂಟು ಹೋದರೆ ಹನ್ನೊಂದೂ ಹಳ್ಳದ ಅರ್ಧದಲ್ಲಿ.
ಸೇಟರು ಕೆಇಬಿಗೆ ಫೋನು ತಿರುಗಿಸುವರು:
'ಮಗು ಬೀಳ್ತಾ ಇದೆ ಸ್ವಾಮಿ, ಬೇಗ ಕೊಡಿ!'
ಹುಳದ ಹೆಸರಿಟ್ಟುಕೊಂಡು ಕತ್ತಲಲ್ಲಿ ಕೂತಿರುತ್ತಿದ್ದೆವು.

ಲೂನಾ ಮೇಲೆ ಮಲ್ಲೇಶ್ವರ, ಫ್ರೇಜರ್ ಟೌನು, ಹನುಮಂತನಗರ.
ದಿನಕ್ಕೆ ಐದು ರೂಪಾಯಿ ಬಾಡಿಗೆ,
ಹಿಂದಕ್ಕೆ ಸುತ್ತದೆ ತಂದರೆ ಎಂಟಾಣೆ ದಂಡ.
ತಿರುಗಿ ಬಂದ ಟೇಪುಗಳ ಮುಚ್ಚಳದೊಳಗೆ
ಚಕ್ಕುಲಿ ಚೂರು, ಇರುವೆ,
ಒಮ್ಮೆ ಒಂದು ಹಾಲುಹಲ್ಲು.
ಚಕ್ಕುಲಿ ಯಾಕೆ ಅಂತ ಲೈಬ್ರರಿಯವನು ಒಂದು ಹುಡುಗಿಯನ್ನು ಕೇಳಿದನಂತೆ.
ಕರಡಿ ಬೆಳಗಿನಿಂದ ಏನೂ ತಿಂದಿಲ್ಲ ಅಂದಳಂತೆ.

ಆಮೇಲೆ ತಾರಸಿಯಿಂದ ತಾರಸಿಗೆ ಕರಿ ತಂತಿ ಬಂತು.
ತೆಂಗಿನ ಮರಕ್ಕೆ ಸುತ್ತಿಕೊಂಡು ಬಂತು, ಕಿಟಕಿಯ ಸಂದಿಯಲ್ಲಿ ಬಂತು,
ಹಗಲೂ ರಾತ್ರಿ ಬಂತು, ದಂಡವಿಲ್ಲದೆ.
ನಮ್ಮ ಟೇಪುಗಳಿಗೆ ಬೂಸ್ಟು ಹಿಡಿಯಿತು;
ಸ್ಪಿರಿಟ್ಟಿನಲ್ಲಿ ಅದ್ದಿದ ಬಟ್ಟೆ ಹಿಡಿದು ಒಂದು ಮಳೆಗಾಲ ಒರೆಸಿದೆ.
ಯಂತ್ರಗಳನ್ನು ಸೇಟರು ತೂಕಕ್ಕೆ ಹಾಕಿದರು.
ಮುಕ್ತಾಬಾಯಿ ಬಾಕಿ ಸಂಬಳಕ್ಕೆ ಆರು ಟೇಪು ಎತ್ತಿಕೊಂಡು ಹೋದಳು,
ಅವಳ ಮನೆಯಲ್ಲಿ ಟೀವಿಯೇ ಇರಲಿಲ್ಲ.

ಈಗ ಅದೇ ರಸ್ತೆಯಲ್ಲಿ ನನ್ನದೊಂದು ಮೊಳದಗಲದ ಅಂಗಡಿ.
ಹಳೇ ಮದುವೆಗಳನ್ನು ಪೆನ್‌ಡ್ರೈವಿಗೆ ಇಳಿಸುತ್ತೇನೆ, ನಿಮಿಷಕ್ಕೆ ನಾಲ್ಕು ರೂಪಾಯಿ.
ಮೊನ್ನೆ ನಾಗರಬಾವಿಯಿಂದ ಒಬ್ಬಾಕೆ ತಂದ ಟೇಪು:
'ಚಿ. ಸೌ. ಪ್ರಫುಲ್ಲಾ ಕಲ್ಯಾಣ, ೧೯೯೪.'
ಆ ಚೀಟಿಯ ಮೂಲೆ ಎದ್ದಿತ್ತು.
ಅಡಿಯಲ್ಲಿ ಒಂದು ಬಾಲ, ತುದಿಗೆ ಹಳದಿ ಚುಕ್ಕೆ.
ಬೆನ್ನಿನ ಮುರಿದ ಎಸಳಿಗೆ ಸೆಲ್ಲೋಟೇಪು ಅಂಟಿಸಿ
ಯಾರೋ ಕರಡಿಯ ಮೇಲೆ ಮದುವೆ ಮಾಡಿದ್ದರು.

ಧಾರೆ ಮುಗಿಯಿತು, ಊಟದ ಪಂಕ್ತಿ ಎದ್ದಿತು,
ಯಾರದೋ ಅಜ್ಜ ಕ್ಯಾಮೆರಾಕ್ಕೆ ಅಂಗೈ ಅಡ್ಡ ಹಿಡಿದರು.
ಒಂದು ಗೀರು. ಕಪ್ಪು.
ಬಿದ್ದದ್ದು ಎಲ್ಲೋ ಮಾಂಗಲ್ಯದ ಅಡಿಯಲ್ಲಿ ಅಳಿಸಿಹೋಗಿರಬೇಕು,
ಕರಡಿ ಆಗಲೇ ಮೇಲೆ ಬಂದು ಮೈ ಕೊಡವುತ್ತಿತ್ತು.
'ಅಯ್ಯೋ ಶಿವನೇ...'

'ಅದ್ಯಾವುದೋ ಕಾರ್ಟೂನು, ಕಟ್ ಮಾಡಿ, ಮದುವೆ ಸಾಕು' ಅಂದರು ಆಕೆ.
ಆಯ್ತು ಮೇಡಂ, ಅಂದೆ.
ಹಿಂದಿನಿಂದ ಯಾರೋ ಸೀನಿದರು,
ದನಿ ಇನ್ನೂ ಒಡೆಯದ ಹುಡುಗ.

ಆ ಹನ್ನೊಂದು ನಿಮಿಷಕ್ಕೆ ಬಿಲ್ ಹಾಕಲಿಲ್ಲ.
ಕಟ್ಟೂ ಮಾಡಲಿಲ್ಲ.