ಹದಿನಾಲ್ಕು ಕಚ್ಚು

ಬಡಗಿ ಕೇಳಿದ: ಕಂಬದ ಈ ಕಚ್ಚುಗಳಿಗೆ ಮೇಣ ತುಂಬಲೇ,
ಮೇಲೆ ವಾರ್ನಿಷು ಬಿದ್ದರೆ ಗೊತ್ತೇ ಆಗುವುದಿಲ್ಲ.
ಬೇಡ ಅಂದೆ. ಯಾಕೆಂದು ಅವನು ಕೇಳಲಿಲ್ಲ.
ಕೇಳಲಿ ಅಂತ ಕಾದು, ನಾನೇ ಶುರು ಮಾಡಿದೆ.

ಹದಿನಾಲ್ಕಿವೆ. ನೆಲ್ಲಕ್ಕಿ ಬಾಡೆಯ ಬಲಗಡೆ ಕಂಬದಲ್ಲಿ,
ಚಾಪೆಯ ಮೇಲೆ ಕೂತವರ ಕಣ್ಣಿನ ಮಟ್ಟಕ್ಕೆ.
ಹನ್ನೊಂದಕ್ಕೆ ಅಡ್ಡಗೀಟು. ಮೂರಕ್ಕಿಲ್ಲ.
ಮನೆ ಎರಡು ಸಲ ಸುಟ್ಟು ಎರಡು ಸಲ ಎದ್ದಿದೆ,
ಕಂಬ ಮಾತ್ರ ಅದೇ ಎನ್ನುತ್ತಾರೆ. ಆಣೆ ಹಾಕಲಾರೆ.

ನನ್ನ ಅತ್ತೆಗೆ ಅವಳ ಅತ್ತೆ, ಅವಳಿಗೆ ಇನ್ಯಾರೋ ಹೇಳಿದ್ದು:
ಬೇಟೋಳಿಗೆ ಉಪ್ಪು ಬಾರದ ವರ್ಷ ಅದು.
ಕಣ್ಣೂರಿನ ಕಡಲಲ್ಲಿ ಪರಂಗಿಗಳು
ಹಡಗು ಅಡ್ಡ ನಿಲ್ಲಿಸಿದ್ದರಂತೆ.
ಪರಂಗಿ ಅಂದರೆ ಇಲ್ಲಿ ಯಾರಿಗೆ ಗೊತ್ತು?
ಕಡಲನ್ನೇ ಕಂಡವರಿರಲಿಲ್ಲ.
ಗೊತ್ತಿದ್ದದ್ದು ಇಷ್ಟು: ತುಲಾ ಸಂಕ್ರಮಣ ಕಳೆದರೆ
ಮಾಕುಟ್ಟದ ಕಾಡಿನೊಳಗಿಂದ ಎತ್ತಿನ ಗಂಟೆ ಕೇಳಬೇಕು,
ಪೋಕ್ಕರನ ಹನ್ನೆರಡು ಎತ್ತು,
ಉಪ್ಪು, ಒಣಮೀನು, ಒಂದೆರಡು ಬಣ್ಣದ ಬಟ್ಟೆ.
ಕೇಳಲಿಲ್ಲ.

ಚೋಂದವ್ವನದು ಕತ್ತಿಯಂಚಿನ ಲೆಕ್ಕ.
ಹಿಂದಿನ ವರ್ಷ ಸಾಲಕ್ಕೆ ಘಟ್ಟ ಇಳಿದ ಮೆಣಸು
ಹನ್ನೊಂದು ಮೂಟೆ. ಹನ್ನೊಂದು ಕಚ್ಚು.

ಹುಳಿಗೇನು, ಕಾಚಂಪುಳಿ ಗಡಿಗೆ ತುಂಬ ಇತ್ತು.
ಬೇಟೆಯ ಹಂದಿಯನ್ನು ಒಲೆಯ ಮೇಲೆ ಹೊಗೆಗೆ ತೂಗಿದರು.
ಮರಿಗೆಯ ತಳ ಕೆರೆದ ಕೊನೆಯ ಹರಳು
ಬಾಣಂತಿಯ ಗಂಜಿಗೆ ಹೋಯಿತು.
ನಾಟಿ ಮುಗಿಸಿ ಬಂದವರ ಬೆವರಿದ ಬೆನ್ನನ್ನು
ಹಸುಗಳು ನೆಕ್ಕುತ್ತಿದ್ದವು,
ಯಾರೂ ಓಡಿಸಲಿಲ್ಲ.
ಅಟ್ಟದಲ್ಲಿ ಮಾತ್ರ ಮೆಣಸು, ವರ್ಷದ ಮೇಲೆ ವರ್ಷ,
ಮುಖ ಸುಕ್ಕಾಗಿ, ಕಪ್ಪಗೆ.

ಮೂರನೆಯ ವರ್ಷ ಒಂದೇ ಗಂಟೆ ಕೇಳಿತು.
ಒಂದೇ ಎತ್ತು, ಹಿಂದೆ ಪೋಕ್ಕರ್.
ಮುಂಡಾಸನ್ನು ಎಡಗಡೆಗೆ ಎಳೆದುಕೊಂಡು ಕಯ್ಯಾಲೆಯ ಮೆಟ್ಟಿಲಲ್ಲಿ ಕೂತ.
ಆ ಕಡೆ ಕಿವಿ ಇರಲಿಲ್ಲ.

ಹಡಗಿಗೆ ಒಂದು ಚೀಟಿ ಬೇಕಿತ್ತು, ಅಮ್ಮ,
ಶಿಲುಬೆಯ ಮುದ್ರೆ ಒತ್ತಿದ ಚೀಟಿ.
ಸಮುದ್ರ ಯಾವಾಗಿನಿಂದ ನಿಮ್ಮದಾಯಿತು, ಎಂದು ನಮ್ಮ ನಾಖುದಾ ಕೇಳಿದ.
ಕೇಳಿದವನು ಈಗಿಲ್ಲ.
ಪಕ್ಕದಲ್ಲಿ ನಿಂತು ಕೇಳಿಸಿಕೊಂಡವನದು ಕಿವಿ ಹೋಯಿತು.
ಮಿಸ್ರದ ಸುಲ್ತಾನ ಹಡಗು ಕಳಿಸುತ್ತಾನೆ ಎಂದರು.
ಕಳಿಸಿದ. ಗುಜರಾತಿನ ಕಡೆ ಎಲ್ಲೋ ಮುಳುಗಿದವು.
ಕಣ್ಣೂರಲ್ಲಿ ಕಡಲಿಗೆ ಚಾಚಿದ ಬಂಡೆಯ ಮೇಲೆ ಕೋಟೆ ಎದ್ದಿದೆ,
ಫಿರಂಗಿಗಳಲ್ಲಿ ಅರ್ಧ ನೀರಿನ ಕಡೆ, ಅರ್ಧ ಊರಿನ ಕಡೆ.

ಚೋಂದವ್ವ ಎಲ್ಲ ಕೇಳಿ,
ಸುಲ್ತಾನನ ಊರಲ್ಲಿ ಮೆಣಸು ಬೆಳೆಯುವುದಿಲ್ಲವೇ?
ಇಲ್ಲ.
ಪರಂಗಿಯ ಊರಲ್ಲಿ?
ಅಲ್ಲೂ ಇಲ್ಲ.
ಹಾಗಾದರೆ ಬಳ್ಳಿ ನಮ್ಮದು, ಸಪ್ಪೆ ಗಂಜಿಯೂ ನಮ್ಮದೇ, ಎಂದಳಂತೆ.
ಎನ್ನದೆಯೂ ಇರಬಹುದು. ನನ್ನ ಅತ್ತೆ
ಕಥೆಗೆ ಒಗ್ಗರಣೆ ಹಾಕುವವಳು.

ಅವನು ಸೊಂಟದ ಗಂಟು ಬಿಚ್ಚಿ
ಒಂದು ಬೊಗಸೆ ಉಪ್ಪು ಮೊರಕ್ಕೆ ಸುರಿದ.
ಹನ್ನೊಂದು ಮೂಟೆಗೆ ಇದಲ್ಲ, ಎಂದ.
ಗೊತ್ತು, ಎಂದಳು.
ಮಗನನ್ನು ಕೂಗಿ ಅಟ್ಟದಿಂದ ಮೂರು ಮೂಟೆ ಇಳಿಸಿದಳು.
ಎತ್ತು ಎರಡೇ ಹೊತ್ತದ್ದು,
ಮೂರನೆಯದನ್ನು ಅವನ ಬೆನ್ನಿಗೆ ಅವಳೇ ಎತ್ತಿ ಕೊಟ್ಟಳು.

ರಾತ್ರಿ ದೀಪದ ಬುಡದಲ್ಲಿ ಕೂತು
ಹನ್ನೊಂದಕ್ಕೂ ಅಡ್ಡ ಎಳೆದಳು.
ಕೆಳಗೆ ಮೂರು ಹೊಸದು ಕಡಿದಳು, ಕೊಂಚ ಆಳವಾಗಿ.

ಆಮೇಲೆ? ಎಂದ ಬಡಗಿ.
ಇರಿಟ್ಟಿಯವನು, ಬೆಳಗಿನ ಬಸ್ಸಲ್ಲಿ
ಅದೇ ಮಾಕುಟ್ಟ ಹತ್ತಿ ಬರುವವನು.
ಆಮೇಲಿನದು ನನಗೆ ಬಂದಿಲ್ಲ, ಎಂದೆ.
ಅವನು ಬಂದನೋ, ಬಂದು ಕೊಟ್ಟ ಮೇಲೆ ಇವಳು ಮರೆತಳೋ,
ಕತ್ತಿ ಹಿಡಿಯುವ ಕೈಯೇ ಆಗ ಇರಲಿಲ್ಲವೋ.

ಅವನು ಬ್ರಷ್ಷು ಅದ್ದಿ ಮೇಲಿಂದ ಬಳಿಯುತ್ತಾ ಬಂದ.
ಮೂರರ ಹತ್ತಿರ ನಿಲ್ಲಿಸಿ
ಉಗುರಿನ ತುದಿಯಿಂದ ಒಳಗಿನ ಧೂಳು ಕೆರೆದ.
ಬಿಳಿ ಏನೋ ಇತ್ತು.
ಸುಣ್ಣವಿರಬೇಕು.