ನೆಲದ ಹೆಸರು

ಟ್ರಾಮೋರಿನಲ್ಲಿ ಮಳೆಗೆ ಯಾರೂ ಹೆಸರಿಡುವುದಿಲ್ಲ.
ಹೆಸರಿಡುವುದು ಮಳೆ ಕುಡಿದ ನೆಲಕ್ಕೆ:
ಗಟ್ಟಿ, ಹದ, ಮಣಿವ ಮಣ್ಣು, ಮೆದು,
ಕೊನೆಗೆ ಭಾರ.
ಆಮೇಲೆ ಹೆಸರಿಲ್ಲ. ಆಮೇಲೆ ಗೇಟಿಗೆ ಬೀಗ.

ಬೆಳಿಗ್ಗೆ ಆರೂವರೆಗೆ
ಮೈದಾನದ ಮೇಲ್ವಿಚಾರಕ ಫಿಯಾಕ್ರ ಡೂಲನ್
ಕೋಲು ಹಿಡಿದು ಒಬ್ಬನೇ ನಡೆಯುತ್ತಾನೆ.
ಗುಡ್ಡದ ನೆತ್ತಿಯಲ್ಲಿ ಒಮ್ಮೆ ಚುಚ್ಚುತ್ತಾನೆ,
ಇಳಿಜಾರಿನ ತಿರುವಿನಲ್ಲಿ ಒಮ್ಮೆ,
ಸಮುದ್ರದ ಕಡೆಯ ಬೇಲಿಯ ಬಳಿ ಮೂರು ಸಲ,
ನಂಬಿಕೆ ಬಾರದೆ.
ಹಿಮ್ಮಡಿಯಿಂದ ಗುಳಿ ಮುಚ್ಚಿ ಫೋನು ತೆಗೆಯುತ್ತಾನೆ:
‘ಮೆದು. ಅಲ್ಲಲ್ಲಿ ಭಾರ.’

ಅಷ್ಟೇ.
ಊರಿನ ಅಡುಗೆಮನೆಗಳಲ್ಲಿ ಪೆನ್ಸಿಲ್ಲುಗಳು ನಿಲ್ಲುತ್ತವೆ.

ನಾನು ಬುಕ್ಕಿಯ ಗುಮಾಸ್ತ, ಇಪ್ಪತ್ತೆರಡು ವರ್ಷದಿಂದ.
ಕುದುರೆಗಳ ಬಗ್ಗೆ ನನ್ನ ಕೇಳಬೇಡಿ.
ಬೋರ್ಡಿನ ಕೆಂಪು ಅಂಕಿ ಗೊತ್ತು,
ಅದರ ಮುಂದೆ ಕತ್ತು ಚಾಚಿ ನಿಂತವರು ಗೊತ್ತು.
ಬಿಸಿಲಿನ ದಿನ ಎಲ್ಲರೂ ಲೆಕ್ಕಿಗರು;
ಹನಿ ಬಿದ್ದರೆ ಅರ್ಧ ಜನ ಜೋಯಿಸರು.

ಮ್ಯಾಲಕಿ ಕಫ್, ನಿವೃತ್ತ ಬಸ್ ಡ್ರೈವರ್,
ಪೇಪರ್ ಲ್ಯಾಂಟರ್ನ್ ಎಂಬ ಹೆಣ್ಣುಕುದುರೆಯನ್ನು
ಹನ್ನೊಂದು ದಿನ ಓದಿದ್ದ.
ಒಣನೆಲದಲ್ಲಿ ಅವಳ ಕಾಲು ನೆಲ ಮುಟ್ಟುವುದೇ ಇಲ್ಲವಂತೆ.
ನಿನ್ನೆ ಸಂಜೆಯೇ ಇನ್ನೂರು ಯೂರೋ ಕಟ್ಟಿದ, ಒಂದಕ್ಕೆ ಮೂರು.
ಇವತ್ತು ಹನ್ನೆರಡಕ್ಕೆ ಮೈಕು ಹೇಳಿತು:
ನೆಲದ ಕಾರಣ ಆ ಕುದುರೆ ಓಡುವುದಿಲ್ಲ.

ಇನ್ನೂರನ್ನೂ ಎಣಿಸಿ ಕೊಟ್ಟೆ.
ಸೋತವರ ಮುಖ ಎಷ್ಟೋ ನೋಡಿದ್ದೇನೆ,
ಇದು ಅದಲ್ಲ.
ಹೊಸ ಅಂಗಿ ತೊಟ್ಟು ಮದುವೆಗೆ ಬಂದವನನ್ನು
ಬಾಗಿಲಲ್ಲೇ ಮುಯ್ಯಿ ವಾಪಸ್ ಕೊಟ್ಟು ಕಳಿಸಿದ ಹಾಗೆ.
‘ಸೋಲೋದಕ್ಕಾದರೂ ಬಿಡಬಾರದಿತ್ತಾ,’ ಅಂದ.

ಡಿಂಪ್ನಾ ಹ್ಯಾನ್ರಟಿ ಏನೂ ಓದುವವಳಲ್ಲ.
ಮೂರು ದಿನದಿಂದ ಹಗ್ಗದ ಮೇಲೆ ಟವೆಲ್ ಒಣಗಲಿಲ್ಲ,
ಅದಕ್ಕೇ ಬೆಳಿಗ್ಗೆ ಬಿಷಪ್ಸ್ ಬೂಟ್ ಮೇಲೆ ಹತ್ತು ಯೂರೋ,
ಒಂದಕ್ಕೆ ಹನ್ನೆರಡು.
ಹದನೆಲದಲ್ಲಿ ಸದಾ ಕೊನೆಗೆ ಬರುವ ಕುದುರೆ,
ಗೊರಸು ಊಟದ ತಟ್ಟೆಯಷ್ಟು ಅಗಲ.

ಕೆಸರು ಕುಡಿದು ಕೆಸರು ಉಗುಳಿ,
ಯಾವ ಬಣ್ಣದ ಅಂಗಿ ಯಾರದೆಂದು ತಿಳಿಯದ ಹಾಗೆ
ಏಳು ಕುದುರೆ ಒಂದೇ ಕಂದು ಮುದ್ದೆಯಾಗಿ ಇಳಿದವು.
ಅದರೊಳಗಿಂದ ಬಿಷಪ್ಸ್ ಬೂಟ್ ಒಂದೇ ಬೇರೆಯಾಗಿ ಬಂತು,
ಸಂಜೆ ಕೊಟ್ಟಿಗೆಗೆ ಹೊರಟ ಹಸುವಿನಂತೆ,
ಅವಸರವೇ ಇಲ್ಲದೆ.

ನೂರ ಮೂವತ್ತು ಎಂದುಕೊಂಡವಳಿಗೆ ನೂರು ಕೊಟ್ಟೆ.
‘ಮೂವತ್ತು?’
ನಿಯಮ ಹೇಳಿದೆ: ಮೇಲಿನ ಕುದುರೆ ಹಿಂದೆ ಸರಿದರೆ
ಗೆದ್ದವರ ಲಾಭದಲ್ಲಿ ಕಾಲು ಭಾಗ ಕಡಿತ.
‘ಅದು ಯಾಕೆ ಸರಿಯಿತು?’
‘ಮಳೆ.’
‘ಮತ್ತೆ ನಾನು ಗೆದ್ದದ್ದು?’
ಲೆಡ್ಜರಿನ ಶಾಯಿ ಹರಡುತ್ತಿತ್ತು,
ತೋಳಿನಿಂದ ಒತ್ತಿ ಹಿಡಿದೆ.

ಕೊನೆಯ ಬಸ್ಸಿನ ಹೊತ್ತಿಗೆ
ಮ್ಯಾಲಕಿ ಬೇಲಿ ದಾಟಿ ತಿರುವಿನಲ್ಲಿ ನಿಂತಿದ್ದ.
ಬೂಟು ಒತ್ತಿದ. ಕಣಕಾಲವರೆಗೆ ಹೋಯಿತು.
ಎಳೆದುಕೊಂಡ. ಒಂದು ಗಜ ಆಚೆ ಮತ್ತೆ ಒತ್ತಿದ.
ಡೂಲನ್ ದೂರದಿಂದ ಕಂಡ, ಗದರಲಿಲ್ಲ;
ನಡೆದು ಹೋಗಿ
ತನ್ನ ಕೋಲನ್ನು ಅವನ ಕೈಗೆ ಕೊಟ್ಟ.