ಹಲಗಯ್ಯನ ನೇರ್ಲೆ

ಹನ್ನೆರಡು ಕಡ್ಡಿ ಬಂದವು ಒದ್ದೆ ಗೋಣಿಯೊಳಗೆ,
ಒಂದೊಂದೂ ಬಳಪದಷ್ಟು ದಪ್ಪ,
ತುದಿಗೆ ಮೇಣ, ಕುತ್ತಿಗೆಗೆ ಚೀಟಿ:
ನೆರೆಲ್ಲೊ. ಎಟ್ನಾ ಬೆಟ್ಟ. ಕೆಂಪು.
ಹೊಗೆಯಾಡುವ ಬೆಟ್ಟವಂತೆ, ಅದರ ಸೊಂಟದ ಮೇಲೆ
ಕರಿಬೂದಿಯಲ್ಲಿ ಕಾಲೂರಿ ನಿಲ್ಲುವ ಜಾತಿಯಂತೆ.
ವೈನ್ ಕಂಪನಿಯ ಹುಡುಗ ಫೋನಿನಲ್ಲಿ ಚಿತ್ರ ತೋರಿಸಿ
ಸಹಿ ಹಾಕಿಸಿಕೊಂಡು ಹೋದ.

ನಾನು ಕಸಿ ಕಟ್ಟುವವಳು.
ಮಾವು, ಸಪೋಟ, ಸೀಬೆ,
ಯಾರದೋ ಬೇರಿಗೆ ಯಾರದೋ ತಲೆ.
ಡಾಗ್‌ರಿಜ್ ಬೇರಿನ ಮೇಲೆ ಇವನ್ನೂ ಕೂರಿಸಿದೆ,
ಪಟ್ಟಿ ಬಿಗಿದೆ,
ಕುಂತಿಬೆಟ್ಟದ ಬುಡದ ನೊರಜುಗಲ್ಲಿನಲ್ಲಿ ನೆಟ್ಟೆ.

ಎರಡನೇ ಬೇಸಿಗೆಗೆ ಉಳಿದದ್ದು ಒಂದು.
ಹುಡುಗನ ನಂಬರು ಚಾಲ್ತಿಯಲ್ಲಿಲ್ಲ.

ಪಕ್ಕದ ಆಲೆಮನೆಯಲ್ಲಿ ಉರಿ ಹಾಕುವ ಹಲಗಯ್ಯ
ಮೈಗೆಲ್ಲ ರಚ್ಚಿನ ನಾರು ಅಂಟಿಸಿಕೊಂಡು ಬಂದು
ಚೀಟಿಯಲ್ಲೇನಿದೆ ಎಂದು ಕೇಳಿದ. ಓದಿ ಹೇಳಿದೆ.
‘ನೇರ್ಲೆ ಅನ್ನು ಮತ್ತೆ,
ಅದ್ಯಾಕವ್ವಾ ನಾಲ್ಗೆ ತಿರುಚ್ಕೊಂಡು ಸಾಯ್ತೀಯೆ.’
ಬೆಂಕಿಬೆಟ್ಟದ ಕಥೆಗೆ
ಹೊಗೆ ತಿಂದ ಕಣ್ಣು ಇನ್ನಷ್ಟು ಕಿರಿದು ಮಾಡಿ,
‘ಬೂದಿ ತಾನೆ? ನಮ್ತಾವ ಬೂದಿಗೂ ಬರವಾ?’

ದಿನಾ ಒಂದು ಮಂಕರಿ.
ಕೊಪ್ಪರಿಗೆ ಇಳಿಸಿದ ಮೇಲೆ ಒಲೆಯ ಬಾಯಿ ಕೆದಕಿ
ಇನ್ನೂ ಬೆಚ್ಚಗಿರುವುದನ್ನು ತಂದು ಬುಡಕ್ಕೆ ಸುರಿದ.
ನಾನು ಸುಮ್ಮನಿದ್ದೆ. ತಿಳಿದವಳು ಸುಮ್ಮನಿದ್ದೆ.
ಮೂರು ತಿಂಗಳಿಗೆ ಎಲೆ ಅರಿಶಿನ,
ನರ ಮಾತ್ರ ಹಸಿರು.

ಎಲ್ಲ ಬೂದಿಯೂ ಒಂದಲ್ಲ ಹಲಗಯ್ಯ,
ಅಲ್ಲಿ ಬೆಂದದ್ದು ಕಲ್ಲು, ಇಲ್ಲಿ ಬೆಂದದ್ದು ಕಬ್ಬು,
ಎಂದೆ, ವಿ.ಸಿ. ಫಾರಂನ ಮಣ್ಣಿನ ರಿಪೋರ್ಟು ಹಿಡಿದು.
ಅವನು ಮಾತಾಡಲಿಲ್ಲ.
ಬೆಳಗಾಗುವ ಮೊದಲೇ ಬಂದು ಬರಿಗೈಯಲ್ಲಿ
ಬುಡ ಬಗೆಯುತ್ತಿದ್ದ, ಬೇರು ಕಾಣುವ ತನಕ,
ಹಾಕಿದ್ದನ್ನೆಲ್ಲ ಮಂಕರಿಗೆ ವಾಪಸು ತುಂಬುತ್ತ.

ಹಿಂದೆ ಇಲ್ಲಿ ಫ್ರೆಂಚರ ಪಾಳೆಯವಿತ್ತಂತೆ.
ಹಿರೋಡೆ ಎಂಬ ಊರಿಗೆ ಅವರ ಬಂಡೆಗಳ ಹೆಸರು ಬಿದ್ದು
ಬಹಳ ದಿನ ಬಿಡಲಿಲ್ಲ.
ಪೀಪಾಯಿ ಉರುಳಿಸಿಕೊಂಡು ಬಂದಿದ್ದರೋ
ನಮ್ಮ ಈಚಲ ಹೆಂಡಕ್ಕೇ ಒಗ್ಗಿಕೊಂಡರೋ,
ಬಂಡೆ ಬಾಯಿ ಬಿಡುವುದಿಲ್ಲ.
ಇದೂ ಬೆಂಕಿಯ ಕೂಸೇ. ನೆಲದಡಿಯಲ್ಲೇ
ನಿಧಾನಕ್ಕೆ ಆರಿ ಕಲ್ಲಾದದ್ದು.
ಅದು ಉಗುಳಿದ ಬೆಟ್ಟ, ಇದು ನುಂಗಿಕೊಂಡ ಬೆಟ್ಟ.
ಬಳ್ಳಿಗೆ ಗೊತ್ತಾಗಿರಬೇಕು,
ಒಂದು ವರ್ಷ ಪೂರ್ತಿ ಯೋಚಿಸಿತು.

ನಾಲ್ಕನೆಯ ಮಾರ್ಚಿಗೆ ಐದು ಗೊನೆ.
ಎರಡು ಪಿಕಳಾರಗಳ ಪಾಲು,
ಒಂದರಲ್ಲಿ ಕಾಯಿ ಹಣ್ಣು ಅಕ್ಕಪಕ್ಕ, ಜಗಳವಾಡಿದ ಓರಗಿತ್ತಿಯರ ಹಾಗೆ.
ನೇರಳೆಯಷ್ಟು ಕಪ್ಪಾದೀತೆಂದು ಕಾದೆವು.
ಆಗಲಿಲ್ಲ. ಹಿಂಡಿದರೆ ಬಟ್ಟಲಲ್ಲಿ
ಪಾಕ ಹದಕ್ಕೆ ಬರುವ ಮೊದಲಿನ ತಿಳಿಗೆಂಪು.
ಆ ಬಣ್ಣ ಮಾತ್ರ ಹಲಗಯ್ಯನಿಗೆ ಗುರುತು ಸಿಕ್ಕಿತು.

ಹಗಲೆಲ್ಲ ಬೆಲ್ಲದ ಆವಿ ಕುಡಿವ ಆ ಮುಖ
ಒಂದೇ ಹಣ್ಣಿಗೆ ಒದ್ದೆ ಬಟ್ಟೆಯ ಹಾಗೆ ಹಿಂಡಿಕೊಂಡಿತು.
‘ಥೂ, ಹುಳಿ’ ಅಂದ.
ಉಗುಳಲಿಲ್ಲ.
ಇನ್ನೊಂದಕ್ಕೆ ಕೈ ಹಾಕುವಾಗ
ಆಲೆಮನೆಯಿಂದ ಯಾರೋ ಕೂಗಿದರು, ಉರಿ ಸಣ್ಣಗಾಯ್ತು ಎಂದು.